ಕೌದಿಯಲ್ಲಿ ಮನೆತನವನ್ನು ಓದುವ ಬಗೆ

ಅಮೆರಿಕದ ಅಲಬಾಮಾ ರಾಜ್ಯದಲ್ಲಿ, ನದಿಯೊಂದು ಬಳಸಿ ಹರಿಯುವ ತಿರುವಿನೊಳಗೆ, ಜೀಸ್ ಬೆಂಡ್ ಎಂಬ ಕಪ್ಪು ಜನರ ಊರಿದೆ. 1942ರಲ್ಲಿ ಅಲ್ಲಿನ ಮಿಸೂರಿ ಪೆಟ್‌ವೇ ಎಂಬ ಹೆಣ್ಣುಮಗಳು, ಗಂಡ ತೀರಿಕೊಂಡ ಮೇಲೆ, ಅವರು ಕೆಲಸಕ್ಕೆ ತೊಡುತ್ತಿದ್ದ ಬಟ್ಟೆಗಳನ್ನೇ ಬಿಚ್ಚಿ ಒಂದು ಕೌದಿ ಹೊಲಿದರು. ಅಪ್ಪನ ನೆನಪಿಗೆಂದು, ಆ ಪ್ರೀತಿಯನ್ನು ಹೊದ್ದು ಮಲಗಲೆಂದು ಅಮ್ಮ ಅದನ್ನು ಹೊಲಿದರೆಂದು ಮಗಳು ಆರ್ಲೊನ್ಜಿಯಾ ಮುಂದೆ ಹೇಳಿದ್ದಾರೆ. 2002ರಲ್ಲಿ ಈ ಊರಿನ ಕೌದಿಗಳು ಹ್ಯೂಸ್ಟನ್ ಮತ್ತು ನ್ಯೂಯಾರ್ಕ್ ನಗರಗಳ ಮ್ಯೂಸಿಯಂ ಗೋಡೆಗಳನ್ನು ಏರಿದಾಗ ವಿಮರ್ಶಕರು ಅವನ್ನು ಆಧುನಿಕ ಅಮೂರ್ತ ಚಿತ್ರಗಳಿಗೆ ಹೋಲಿಸಿ ಮೆಚ್ಚಿಕೊಂಡರು. ಆ ಮೆಚ್ಚುಗೆ ನ್ಯಾಯವಾದದ್ದೇ. ಆದರೆ ವಿನ್ಯಾಸದಿಂದಲೇ ನೋಡಲು ತೊಡಗಿದವರ ಕಣ್ಣಿಗೆ ಆ ಅಪ್ಪ, ಆ ಮಗಳು ಬೀಳುವುದಿಲ್ಲ. ಕೌದಿಯನ್ನು ಒಂದು ಮನೆತನದ ದಾಖಲೆಯೆಂದು ಓದಬೇಕೆನ್ನುವವರು ಮೊದಲು ಬಟ್ಟೆಯನ್ನು, ಆಮೇಲೆ ಹೊಲಿದವರ ಹೆಸರನ್ನು ಮತ್ತು ಕೈಯನ್ನು, ಎಲ್ಲಕ್ಕೂ ಕೊನೆಯಲ್ಲಿ ವಿನ್ಯಾಸವನ್ನು ನೋಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬಟ್ಟೆಯನ್ನು ಹಗಲು ಬೆಳಕಿನಲ್ಲಿ, ಸ್ವಲ್ಪ ಓರೆಯಾಗಿ ನಿಂತು ನೋಡಿರಿ. ಜೀಸ್ ಬೆಂಡ್‌ನ ದುಡಿಮೆಯ ಬಟ್ಟೆಯ ಕೌದಿಗಳಲ್ಲಿ ಉದ್ದುದ್ದ ನೀಲಿ ಪಟ್ಟಿಗಳಿರುತ್ತವೆ. ಅವು ಪ್ಯಾಂಟಿನ ಕಾಲುಗಳು. ಮೊಣಕಾಲು ಬರುವಲ್ಲಿ ನೀಲಿ ಸವೆದು ಬೆಳ್ಳಗಾಗಿರುತ್ತದೆ. ಜೇಬನ್ನು ಬಿಚ್ಚಿ ತೆಗೆದ ಜಾಗದಲ್ಲಿ ಮಾತ್ರ, ವರ್ಷಗಟ್ಟಲೆ ಬಿಸಿಲು ಸೋಕದ ಕಾರಣ, ಹೊಸ ಬಟ್ಟೆಯ ಕಡುನೀಲಿ ಚೌಕವೊಂದು ಹಾಗೆಯೇ ಉಳಿದಿರುತ್ತದೆ. ತೊಟ್ಟವನು ಮಂಡಿಯೂರಿ ದುಡಿದದ್ದನ್ನು ಆ ಬಿಳುಪೂ, ಎಷ್ಟು ಕಾಲ ಬಿಸಿಲಿನಲ್ಲಿ ನಿಂತನೆಂಬುದನ್ನು ಆ ಚೌಕವೂ ಹೇಳುತ್ತವೆ. ಒಂದೊಂದು ತುಂಡಿನ ಮುಂದೆಯೂ ಇದು ಯಾರ ಮೈಮೇಲಿತ್ತು, ಯಾವ ಕೆಲಸಕ್ಕೆ ತೊಟ್ಟದ್ದು, ಏಕೆ ಹರಿಯಿತು ಎಂದು ಕೇಳಿಕೊಳ್ಳಿರಿ. ಸಾಧ್ಯವಿದ್ದರೆ ಹಿಂಬದಿಯನ್ನೂ ತಿರುಗಿಸಿ ನೋಡಿರಿ. ಗಂಟುಗಳು, ಬದಲಾದ ದಾರ, ನಂತರ ಹಾಕಿದ ತೇಪೆಗಳು ಕಾಣುವುದು ಅಲ್ಲಿಯೇ.

ಇನ್ನು ಹೆಸರು. ಜೀಸ್ ಬೆಂಡ್‌ನಲ್ಲಿ ಪೆಟ್‌ವೇ ಎಂಬ ಅಡ್ಡಹೆಸರು ಮನೆಮನೆಯಲ್ಲಿಯೂ ಸಿಗುತ್ತದೆ. ಅದು 1845ರಲ್ಲಿ, ಗುಲಾಮರು ದುಡಿಯುತ್ತಿದ್ದ ಅಲ್ಲಿನ ತೋಟವನ್ನು ಕೊಂಡ ಮಾರ್ಕ್ ಪೆಟ್‌ವೇ ಎಂಬ ಬಿಳಿಯ ಒಡೆಯನ ಹೆಸರು. ಊರಿಗೆ ಅಂಟಿರುವುದು ಅವನಿಗಿಂತ ಹಿಂದಿನ ಒಡೆಯ ಜೋಸೆಫ್ ಜೀ ಎಂಬುವನ ಹೆಸರು. 1850 ಮತ್ತು 1860ರ ಅಮೆರಿಕದ ಗುಲಾಮರ ಗಣತಿಯಲ್ಲಿ ಸಾಮಾನ್ಯವಾಗಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಮೈಬಣ್ಣ ಇಷ್ಟನ್ನೇ ಬರೆಯುತ್ತಿದ್ದರು. ಗುಲಾಮಗಿರಿಯಿಂದ ಬಿಡುಗಡೆಯಾದ ಬಹುಪಾಲು ಜನರ ಹೆಸರು ಗಣತಿಯ ಪುಸ್ತಕಕ್ಕೆ ಬಂದದ್ದು 1870ರಲ್ಲಿ. ತಾಯಿ ಯಾರು, ಮಗು ಯಾರು ಎಂಬುದನ್ನೇ ಕಾಗದ ಬರೆದಿಡದ ಕಡೆ, ಅಪ್ಪನ ಅಂಗಿ ಮಗಳ ಹೊದಿಕೆಯಾಗಿ ಉಳಿದದ್ದರ ತೂಕವೇ ಬೇರೆ. ಆದ್ದರಿಂದ ಯಾವ ಕೌದಿಯನ್ನು ಕುರಿತು ಬರೆದರೂ ಹೊಲಿದವರ ಹೆಸರನ್ನು ಮೊದಲ ಸಾಲಿನಲ್ಲಿಯೇ ಬರೆಯಿರಿ. ‘ಅನಾಮಿಕ ಜಾನಪದ ಕಲಾವಿದೆ’ ಎಂದು ಬರೆದು ಮುಗಿಸುವುದು ಆ ಗಣತಿಯ ತಪ್ಪನ್ನು ನಾವೂ ಮಾಡಿದಂತೆ.

ಕೈಯನ್ನು ಗುರುತಿಸುವುದಕ್ಕೆ ನಮ್ಮಲ್ಲಿಯೇ ಒಳ್ಳೆಯ ಪಾಠಶಾಲೆ ಇದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿಯರು ಆಫ್ರಿಕಾದಿಂದ ಬಂದವರ ವಂಶಸ್ಥರು. ಅವರ ಪೂರ್ವಿಕರಲ್ಲಿ ಅನೇಕರು ಪೋರ್ಚುಗೀಸರ ಗೋವಾದಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ಆ ಹೆಂಗಸರು ಹೊಲಿಯುವ ಕವಂದಿ ಎಂಬ ಕೌದಿಗೆ ಸಾಮಾನ್ಯವಾಗಿ ಹಳೆಯ ಸೀರೆಯೇ ಅಡಿಬಟ್ಟೆ. ಹೊಲಿಗೆ ಅಂಚಿನಿಂದ ತೊಡಗಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಯುತ್ತದೆ. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಪದರ ಪದರವಾಗಿ ಮಡಚಿ ತ್ರಿಕೋನದ ‘ಫೂಲ’, ಎಂದರೆ ಹೂವು, ಇಡುತ್ತಾರೆ. ಹೂವಿಲ್ಲದ ಕವಂದಿ ಅವರ ಕಣ್ಣಿಗೆ ಪೂರ್ತಿಯಾದದ್ದಲ್ಲ. ಹೊಲಿಗೆಯ ಸಾಲನ್ನು ಅಂಚಿನಿಂದ ಬೆರಳಿಟ್ಟು ಹಿಂಬಾಲಿಸಿರಿ. ಸೂಜಿಯ ಹೆಜ್ಜೆ ಒಮ್ಮೆಲೇ ದೊಡ್ಡದಾದರೆ, ಸಾಲು ಬೇರೆ ಕಡೆ ವಾಲಿದರೆ, ಅಲ್ಲಿ ಇನ್ನೊಬ್ಬರು ಕುಳಿತಿರಬಹುದು: ಹೊಲಿಗೆ ಕಲಿಯುತ್ತಿದ್ದ ಮಗಳೋ, ಕಣ್ಣು ಮಂಜಾದ ಅತ್ತೆಯೋ. ಆದರೆ ಕೇಳಿ ತಿಳಿಯುವವರೆಗೆ ಅದನ್ನು ಊಹೆಯೆಂದೇ ಬರೆದಿಟ್ಟುಕೊಳ್ಳಿರಿ.

ಅಲಬಾಮಾದ ಕೌದಿಯನ್ನೂ ಯಲ್ಲಾಪುರದ ಕವಂದಿಯನ್ನೂ ಅಕ್ಕಪಕ್ಕ ಇಟ್ಟಾಗ ಎರಡರ ದಿಟ್ಟ ಬಣ್ಣಗಳನ್ನು ಕಂಡು, ಇದು ಆಫ್ರಿಕಾದ ರಕ್ತದ ಗುಣ ಎಂದುಬಿಡುವ ಆಸೆ ಬರುತ್ತದೆ. ದಯವಿಟ್ಟು ಅದನ್ನು ತಡೆಯಿರಿ. ಕರ್ನಾಟಕದಲ್ಲಿ ಸಿದ್ದಿಯರಲ್ಲದ ಎಷ್ಟೋ ಸಮುದಾಯಗಳ ಹೆಂಗಸರು ಹಳೆಯ ಬಟ್ಟೆಯಿಂದ ಕೌದಿ ಹೊಲಿಯುತ್ತ ಬಂದಿದ್ದಾರೆ, ಮತ್ತು ಕೊಡುಕೊಳ್ಳುವಿಕೆ ನೆರೆಹೊರೆಯಲ್ಲಿ ನಡೆದೇ ಇರುತ್ತದೆ. ರಕ್ತದ ಮಾತು ಹೊಲಿದವಳ ಆಯ್ಕೆಯನ್ನೂ ಜಾಣ್ಮೆಯನ್ನೂ ಅವಳ ಕೈಯಿಂದ ಕಿತ್ತುಕೊಳ್ಳುತ್ತದೆ. ಕೌದಿಯ ವಿನ್ಯಾಸಗಳಲ್ಲಿ ಓಡಿಹೋಗುವ ಗುಲಾಮರಿಗೆ ದಾರಿ ತೋರುವ ರಹಸ್ಯ ಸಂಕೇತಗಳಿದ್ದವು ಎಂಬ ಜನಪ್ರಿಯ ಕಥೆಯನ್ನೂ ನಂಬಬೇಡಿರಿ. ಆ ಕಾಲದ ದಾಖಲೆಗಳಲ್ಲಿ ಅದಕ್ಕೆ ಆಧಾರವಿಲ್ಲವೆಂದು ಇತಿಹಾಸಕಾರರು ಹೇಳುತ್ತಾರೆ.

ಬಟ್ಟೆ, ಹೆಸರು, ಕೈ ಇಷ್ಟು ತಿಳಿದ ಮೇಲೆ ವಿನ್ಯಾಸವನ್ನು ಎಷ್ಟು ಹೊತ್ತು ಬೇಕಾದರೂ ನೋಡಿರಿ. ನ್ಯೂಯಾರ್ಕಿನ ಹಾರ್ಲೆಮ್‌ನ ಕಲಾವಿದೆ ಫೇತ್ ರಿಂಗ್‌ಗೋಲ್ಡ್ 1980ರಲ್ಲಿ ತಮ್ಮ ಮೊದಲ ಕೌದಿಯನ್ನು ಮಾಡಿದ್ದು, ಉಡುಪು ವಿನ್ಯಾಸಕಿಯಾಗಿದ್ದ ತಾಯಿ ವಿಲ್ಲಿ ಪೋಸಿಯವರ ಜೊತೆ ಕುಳಿತು. ಮರುವರ್ಷ ತಾಯಿ ತೀರಿಕೊಂಡರು. ಇದನ್ನು ತಿಳಿದು ನೋಡಿದಾಗ ಅಲ್ಲಿ ಸಾಲಾಗಿ ಚಿತ್ರಿಸಿರುವ ಮುಖಗಳನ್ನು ಸುತ್ತುವರಿದ ಬಟ್ಟೆಯ ಚೌಕಟ್ಟು ಬರಿಯ ಅಲಂಕಾರವಾಗಿ ಉಳಿಯುವುದಿಲ್ಲ.

ನಿಮ್ಮ ಮನೆಯಲ್ಲಿಯೇ ಕೌದಿ ಇದ್ದರೆ, ಹೊಲಿದವರು ಬದುಕಿರುವಾಗಲೇ ಕೇಳಿರಿ. ‘ಇದರ ಅರ್ಥವೇನು’ ಎಂದರೆ ಹಿರಿಯರು ನಕ್ಕು ಸುಮ್ಮನಾಗುತ್ತಾರೆ. ತುಂಡೊಂದರ ಮೇಲೆ ಕೈಯಿಟ್ಟು ‘ಅಜ್ಜಿ, ಇದು ಯಾರ ಅಂಗಿ’ ಎಂದು ಕೇಳಿರಿ. ಮಾತು ತಾನಾಗಿ ಬರುತ್ತದೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆದುಕೊಂಡು, ತೊಳೆದ ಬಿಳಿ ಹತ್ತಿಬಟ್ಟೆಯ ಚೂರಿನ ಮೇಲೆ ಹೊಲಿದವರ ಹೆಸರು, ಊರು, ವರ್ಷವನ್ನು ದಾರದಲ್ಲಿ ಕಸೂತಿ ಹಾಕಿ ಹಿಂಬದಿಯ ಮೂಲೆಗೆ ಹೊಲಿಯಿರಿ. ಅಂಟು ಬೇಡ, ಅದು ಬಟ್ಟೆಯನ್ನು ತಿನ್ನುತ್ತದೆ. ಅಮೆರಿಕದ ಜಾರ್ಜಿಯಾದಲ್ಲಿ ಗುಲಾಮಳಾಗಿ ಹುಟ್ಟಿದ ಹ್ಯಾರಿಯೆಟ್ ಪವರ್ಸ್ ಬೈಬಲ್ಲಿನ ಕಥೆಗಳನ್ನು ಹೊಲಿದಿದ್ದ ತಮ್ಮ ಕೌದಿಯನ್ನು, ಹತ್ತು ಡಾಲರ್ ಕೇಳಿ ಕೊನೆಗೆ ಐದಕ್ಕೆ, ಬಡತನದ ಒತ್ತಾಯದಲ್ಲಿ ಮಾರಬೇಕಾಯಿತು. ಮಾರುವಾಗ ಪ್ರತಿ ಚಿತ್ರದ ಕಥೆಯನ್ನೂ ಕೊಂಡವರಿಗೆ ವಿವರಿಸಿದರು, ಅವರು ಅದನ್ನು ಬರೆದಿಟ್ಟರು. ನಾವು ಇಂದು ಆ ಕೌದಿಯನ್ನು ಓದಬಲ್ಲೆವಾದರೆ ಆ ಬರಹದಿಂದಲೇ. ಅದಾದ ಮೇಲೂ ಪವರ್ಸ್ ಹಲವು ಸಲ ಕೊಂಡವರ ಮನೆಗೆ ಹೋಗಿ ತಮ್ಮ ಕೌದಿಯನ್ನು ನೋಡಿಕೊಂಡು ಬಂದರು.