ಹಬ್ಬ ಮೊದಲು, ಅಡಿಕೆ ದುಡ್ಡು ಆಮೇಲೆ

ತೀರ್ಥಹಳ್ಳಿ ಕಡೆ ಅಡಿಕೆ ತೋಟದ ಮನೆಗಳಲ್ಲಿ ಹಬ್ಬಕ್ಕೆ ಸಾಲ ಆಗುವುದು ದುಂದುಗಾರಿಕೆಯಿಂದ ಅಂತ ನನಗೆ ಅನ್ನಿಸುವುದಿಲ್ಲ. ದುಡ್ಡು ಬರುವ ಹೊತ್ತೇ ಸರಿ ಇಲ್ಲ. ಜೂನ್‌ನಲ್ಲಿ ಮಕ್ಕಳ ಫೀಸು. ಮಳೆ ಹಿಡಿದರೆ ಕೊಳೆ ರೋಗಕ್ಕೆ ಮೈಲುತುತ್ತ, ಸುಣ್ಣ, ಔಷಧಿ ಹೊಡೆಯುವವರ ಕೂಲಿ. ಅದು ಮುಗಿಯುವಷ್ಟರಲ್ಲಿ ಗೌರಿ ಹಬ್ಬ. ಹಿಂದೆಯೇ ದಸರಾ, ಭೂಮಿ ಹುಣ್ಣಿಮೆ, ದೀಪಾವಳಿ. ಅಡಿಕೆ ಗೊನೆ ಕೊಯ್ಲು ಜೋರಾಗುವುದೇ ಇವೆಲ್ಲ ಕಳೆದ ಮೇಲೆ. ಸುಲಿದು, ಬೇಯಿಸಿ, ಒಣಗಿಸಿ ಮಂಡಿಗೆ ಹಾಕುವಾಗ ಸಂಕ್ರಾಂತಿ ದಾಟಿರುತ್ತದೆ.

ಈ ನಡುವಿನ ತಿಂಗಳುಗಳಿಗೆ ಹಳೇ ದಾರಿ ಅಂದರೆ ಮಂಡಿ ಅಡ್ವಾನ್ಸ್, ಮುಂದೆ ಹಾಕುವ ಅಡಿಕೆ ಮೇಲೆ ಈಗಲೇ ತರುವ ಮುಂಗಡ. ‘ಹಬ್ಬಕ್ಕೆ ಎಷ್ಟು ಬೇಕು ಗೌಡ್ರೇ?’ ಅಂತ ಮಂಡಿಯವರೇ ಕೇಳುತ್ತಾರೆ. ಬಡ್ಡಿ ಹಾಗಿರಲಿ. ಅಡ್ವಾನ್ಸ್ ತಗೊಂಡ ಮೇಲೆ ಅಡಿಕೆ ಅಲ್ಲಿಗೇ ಹಾಕಬೇಕು. ರೇಟು ಏರಲಿ ಅಂತ ಮೂಟೆ ಇಟ್ಟುಕೊಂಡು ಕೂರುವ ಹಾಗಿಲ್ಲ. ಹಬ್ಬದ ಸಾಲದಲ್ಲಿ ನಿಜವಾಗಿ ದುಬಾರಿ ಬೀಳುವುದು ಇದೇ.

ಹಾಗಾಗಿ ಮುಂದಿನ ಹಬ್ಬಕ್ಕೆ ಹಿಂದಿನ ಕೊಯ್ಲಿನಲ್ಲೇ ಎತ್ತಿಡಲು ಶುರು ಮಾಡಿದೆ. ಮಂಡಿ ದುಡ್ಡು ಖಾತೆಗೆ ಬಿದ್ದ ವಾರದಲ್ಲೇ ಎರಡು ಎಫ್‌ಡಿ. ಒಂದು ಗೌರಿ ಹಬ್ಬಕ್ಕೆ ಸ್ವಲ್ಪ ಮುಂಚೆ ಮುಗಿಯಬೇಕು, ಇನ್ನೊಂದು ದೀಪಾವಳಿಗೆ ಮುಂಚೆ. ಎಫ್‌ಡಿ ಅಂದರೆ ವರ್ಷಗಟ್ಟಲೆ ಇಡಬೇಕು ಅಂತೇನಿಲ್ಲ, ದಿನದ ಲೆಕ್ಕದಲ್ಲೂ ಇಡಬಹುದು. ಮುಗಿದ ಮೇಲೆ ತಾನಾಗಿ ಮುಂದುವರಿಸುವುದು ಬೇಡ, ಖಾತೆಗೆ ಹಾಕಿ ಅಂತ ಫಾರಂನಲ್ಲೇ ಬರೆಯುತ್ತೇನೆ. ಬಡ್ಡಿ ಏನೂ ಜಾಸ್ತಿ ಬರಲ್ಲ. ಆದರೆ ಸುಮ್ನೆ ಉಳಿತಾಯ ಖಾತೆಯಲ್ಲಿ ಬಿಟ್ಟರೆ ಔಷಧಿ ಹೊಡೆಯುವ ಹೊತ್ತಿಗೆ ಅದು ಖಾಲಿ. ಸಹಕಾರ ಸೊಸೈಟಿಯಲ್ಲಿ ಬಡ್ಡಿ ಸ್ವಲ್ಪ ಮೇಲೆ ಸಿಗಬಹುದು. ಬ್ಯಾಂಕಿನ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ, ಸೊಸೈಟಿ ಠೇವಣಿಗೆ ಆ ವಿಮೆ ಇಲ್ಲ. ಅದಕ್ಕೇ ನನ್ನದು ಬ್ಯಾಂಕಿನಲ್ಲಿ.

ಮನೆಯವಳ ಲೆಕ್ಕ ಬೇರೆ. ಡೇರಿಗೆ ಹಾಕಿದ ಹಾಲಿನ ದುಡ್ಡಿನಲ್ಲಿ ದಿನಾ ಐವತ್ತು ರೂಪಾಯಿ ಪಿಗ್ಮಿ, ಅಂದರೆ ಮನೆ ಬಾಗಿಲಲ್ಲೇ ಕಟ್ಟುವ ದಿನದ ಉಳಿತಾಯ. ಇದು ಘಟ್ಟದ ಕೆಳಗಿನವರ ಬುದ್ಧಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಉಡುಪಿಯ ಬ್ಯಾಂಕು 1928ರಲ್ಲಿ ದಿನಕ್ಕೆ ಎರಡಾಣೆಯಿಂದ ಶುರು ಮಾಡಿದ್ದು. ಪಿಗ್ಮಿಯವರು ಬಾಗಿಲಿಗೇ ಬಂದು ನಿಂತರೆ ಇವತ್ತು ಇಲ್ಲ ಅನ್ನೋಕೆ ನಾಚಿಕೆ ಅಲ್ವಾ? ಅದೇ ಅದರ ಗುಟ್ಟು. ಅವಧಿಗೆ ಮುಂಚೆ ಮುರಿಸಿದರೆ ಬಡ್ಡಿ ಹೋಗುತ್ತದೆ ಅಂತ ಅವಳು ಅದನ್ನು ಮುಟ್ಟಲು ಬಿಡುವುದಿಲ್ಲ, ನನಗಂತೂ ಬಿಡುವುದೇ ಇಲ್ಲ.

ಇನ್ನು ಕೊಡುವ ವಿಷಯ. ಕೆಲಸದವರ ಬಟ್ಟೆ, ಇನಾಮಿನಲ್ಲಿ ಕೈ ಬಿಗಿ ಮಾಡಬಾರದು. ವರ್ಷಪೂರ್ತಿ ತೋಟ ನೋಡಿಕೊಂಡವರು. ದೀಪಾವಳಿಯಲ್ಲಿ ದೀಪ ಹಿಡಿದು ಮನೆಮನೆಗೆ ಹೋಗುವ ಅಂಟಿಗೆ ಪಂಟಿಗೆಯವರು ರಾತ್ರಿ ಹಾಡುತ್ತಾ ಬಂದಾಗ ದೀಪಕ್ಕೆ ಎಣ್ಣೆ ಹಾಕಿ ಅಕ್ಕಿ, ಕಾಸು ಕೊಡುವುದೂ ಹಾಗೇ. ಖರ್ಚು ಇಳಿಸಲು ನಾನು ಕೈ ಹಾಕಿದ್ದು ಗೌರಿ ಹಬ್ಬಕ್ಕೆ ತಂಗಿಯರಿಗೆ ಕೊಡುವ ಬಾಗಿನಕ್ಕೆ. ಮೊರ, ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ, ಅಕ್ಕಿ, ಬೇಳೆ, ಬೆಲ್ಲ, ಕಾಯಿ, ಇವೆಲ್ಲ ಸೇರಿದರೂ ದೊಡ್ಡ ಖರ್ಚಲ್ಲ. ದುಡ್ಡು ಹೋಗುತ್ತಿದ್ದದ್ದು ಜೊತೆಗೆ ಕೊಡುವ ಸೀರೆಗೆ. ಸೀರೆ ಬೇಕೇ ಬೇಕಾ ಅಂತ ಮರ್ಯಾದೆ ಬಿಟ್ಟು ತಂಗಿಯರನ್ನೇ ಕೇಳಿಬಿಟ್ಟೆ. ‘ಅಣ್ಣಯ್ಯ, ಬೀರುವಿನಲ್ಲಿ ಜಾಗ ಇಲ್ಲ. ಸೀರೆ ಬದಲು ಮಿಡಿ ಉಪ್ಪಿನಕಾಯಿ ಕೊಡು’ ಅಂದಳು ದೊಡ್ಡವಳು. ಬೆಂಗಳೂರಿನಲ್ಲಿ ಅಪ್ಪೆಮಿಡಿ ಬೆಲೆ ಅವಳಿಗೆ ಗೊತ್ತು! ಈಗ ಬಾಗಿನದ ಜೊತೆ ಒಂದು ಬ್ಲೌಸ್ ಪೀಸು, ಒಂದು ಭರಣಿ ಉಪ್ಪಿನಕಾಯಿ, ಹಲಸಿನ ಹಪ್ಪಳದ ಕಟ್ಟು. ಹಪ್ಪಳ ಮಾತ್ರ ಬೇಸಿಗೆಯಲ್ಲೇ ಆಗಬೇಕು. ಹಲಸು ಬಲಿತಿರಬೇಕು, ಹಣ್ಣಾಗಿರಬಾರದು, ಬಿಸಿಲೂ ಇರಬೇಕು. ಮಳೆ ಹಿಡಿದ ಮೇಲೆ ನೆನಪಾದರೆ ಮತ್ತೆ ಅಂಗಡಿ ಸೀರೆಯೇ ಗತಿ.

ಕೊಳೆ ಜಾಸ್ತಿಯಾಗಿ ಫಸಲು ಕೈಕೊಟ್ಟ ವರ್ಷ ಎಫ್‌ಡಿಯೂ ಸಣ್ಣದಾಗುತ್ತದೆ. ಆಗ ಮನೆಯವರ ಹೊಸ ಬಟ್ಟೆ ಮೊದಲು ಬಿಡುತ್ತೇವೆ, ಕೆಲಸದವರದ್ದಲ್ಲ.

ಮಗನದ್ದೊಂದು ತಕರಾರು ಇತ್ತು. ದೀಪಾವಳಿ ಆಫರ್‌ನಲ್ಲಿ ಫೋನು, ‘ನೋ ಕಾಸ್ಟ್ ಇಎಂಐ ಅಪ್ಪಾ, ಬಡ್ಡಿ ಇಲ್ಲ’ ಅಂದ. ಕೂತು ಬಿಡಿಸಿ ನೋಡಿದೆವು. ಪ್ರೊಸೆಸಿಂಗ್ ಫೀ ಇತ್ತು, ಬಡ್ಡಿ ಭಾಗದ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಇತ್ತು. ಬಡ್ಡಿಯೇ ಇಲ್ಲದಿದ್ದರೆ ಜಿಎಸ್‌ಟಿ ಯಾವುದಕ್ಕೆ ಅಂತ ಕೇಳಿದೆ. ಮಂಡಿ ದುಡ್ಡು ಬರುವವರೆಗೆ ಕಾಯುತ್ತೇನೆ ಅಂತ ಅವನೇ ಹೇಳಿದ, ಮುಖ ಊದಿಸಿಕೊಂಡೇ.