ಆಡ್ಸ್ ಕಿತ್ತಾಕಿ 99 ರೂಪಾಯಿಗೆ ಚೌಕಾಬಾರ ಮಾರಿದ್ದು

"ನಮ್ ಜನ ಗೇಮ್‌ಗೆ ದುಡ್ಡು ಬಿಚ್ಚಲ್ಲ ಗುರು, ಸುಮ್ನೆ ಆಡ್ ಹಾಕು" ಅಂತ ಗೇಮ್ ಮಾಡೋ ಫ್ರೆಂಡ್ಸ್ ಎಲ್ಲ ಹೇಳಿದ್ರು. ನಾನು ಮಾಡಿರೋ ಚೌಕಾಬಾರ ಮೊಬೈಲ್ ಗೇಮ್ ಒಂದು ವರ್ಷದ ಮೇಲಾಯ್ತು ಒಂದೂ ಆಡ್ ಇಲ್ದೆ ಓಡ್ತಿದೆ, ಮನೆ ಬಾಡಿಗೆ ಅದ್ರಲ್ಲೇ ಹೋಗ್ತಿದೆ, ಅದಕ್ಕೇ ಬರೀತಿದೀನಿ.

ಮೊದ್ಲು ಎಲ್ರೂ ಮಾಡೋದನ್ನೇ ಮಾಡಿದ್ದೆ, ಫ್ರೀ ಆಪ್, ಆಟ ಆಟಕ್ಕೂ ಆಡ್. ದಿನಕ್ಕೆ ಹತ್ತಿರ ಹತ್ತಿರ ಎರಡು ಸಾವಿರ ಜನ ಆಡೋರು. ಆದ್ರೆ ಇಂಡಿಯಾ ಇಸಿಪಿಎಂ, ಅಂದ್ರೆ ಸಾವಿರ ಸಲ ಆಡ್ ತೋರಿಸಿದ್ರೆ ಸಿಗೋ ದುಡ್ಡು, ಐವತ್ತೋ ಅರವತ್ತೋ ರೂಪಾಯಿ. ತಿಂಗಳಿಗೆ ಎಂಟೊಂಬತ್ತು ಸಾವಿರ ಬಂದ್ರೆ ಸರ್ವರ್ರೇ ಮೂರು ತಿನ್ನೋದು. ಅಜ್ಜಿ ಒಬ್ರು ಕೊನೇ ಕಾಯಿ ಹಣ್ಣು ಮಾಡಕ್ಕೆ ಒಂದೇ ಮನೆ ಬಾಕಿ ಇಟ್ಕೊಂಡು ಕವಡೆ ಹಾಕ್ತಾರೆ, ಅಷ್ಟರಲ್ಲಿ ಸಾಲದ ಆಪ್ ಆಡ್ ಬಂದು ಕೂರತ್ತೆ, ಮೂಲೇಲಿರೋ ಎಳ್ಳುಕಾಳಷ್ಟು ಇಂಟು ಮಾರ್ಕ್ ಕಾಣಲ್ಲ, ಮುಟ್ಟಿದ್ರೆ ಪ್ಲೇ ಸ್ಟೋರ್‌ಗೆ ಹೋಗ್ಬಿಡ್ತಾರೆ, ಅಲ್ಲಿಂದ ವಾಪಸ್ ಬರೋ ದಾರಿ ಗೊತ್ತಿಲ್ಲ. ಆಟ ಅಲ್ಲಿಗೆ ಮುಗೀತು. ಆಮೇಲೆ ದಿನಕ್ಕೆ ಐದೇ ಆಟ ಅನ್ನೋ ಲೈಫ್ ಸಿಸ್ಟಮ್ ಹಾಕಿದೆ, ರೇಟಿಂಗ್ ನಾಲ್ಕೂವರೆಯಿಂದ ಮೂರೂ ಚಿಲ್ರೆಗೆ ಬಿತ್ತು. "ಆಡ್ ನೋಡಿ, ಇನ್ನೊಂದ್ಸಲ ಕವಡೆ ಹಾಕಿ" ಅನ್ನೋದಂತೂ ಕಾಸು ತಂತು, ಆದ್ರೆ ಅದು ಮೋಸದಾಟ ಅಂತ ಮನೇಲೇ ಜಗಳ ಶುರುವಾಯ್ತು.

ಮಧ್ಯೆ ಒಬ್ರು ಬಂದು ದುಡ್ಡು ಕಟ್ಟಿ ಆಡೋ ಕ್ಯಾಶ್ ಟೇಬಲ್ ಹಾಕು, ಕಮಿಷನ್ ಹೊಡಿ ಅಂದ್ರು. ಬೇಡ ಅಂದಾಗ ನಕ್ಕಿದ್ರು. 2023ರ ಅಕ್ಟೋಬರಲ್ಲಿ ಕಟ್ಟಿದ ದುಡ್ಡಿಗೆಲ್ಲ 28 ಪರ್ಸೆಂಟ್ ಜಿಎಸ್‌ಟಿ ಬಂತು, 2025ರ ಆಗಸ್ಟಲ್ಲಿ ದುಡ್ಡು ಕಟ್ಟಿ ಆಡೋ ಆನ್‌ಲೈನ್ ಗೇಮ್‌ನೇ ಬ್ಯಾನ್ ಮಾಡೋ ಕಾನೂನು ಪಾಸಾಯ್ತು. ಈಗ ಯಾರೂ ನಗ್ತಿಲ್ಲ.

ಈಗಿರೋದು ಇಷ್ಟೇ. ಕಂಪ್ಯೂಟರ್ ಜೊತೆ ಆಡೋದು ಪೂರ್ತಿ ಫ್ರೀ, ಮನೆಯವ್ರ ಜೊತೆ ಆಡಕ್ಕೆ ಒಂದ್ಸಲ 99 ರೂಪಾಯಿ, ಆಮೇಲೆ ಜನ್ಮದಲ್ಲಿ ಏನೂ ಕೇಳಲ್ಲ. ಒಬ್ರು ಕೊಂಡಿದ್ರೆ ಸಾಕು, ರೂಮ್ ಕೋಡ್ ವಾಟ್ಸಾಪಲ್ಲಿ ಕಳ್ಸಿದ್ರೆ ಮಿಕ್ಕೋರು ಫ್ರೀಯಾಗಿ ಬಂದು ಕೂರ್ತಾರೆ. ಇದು ಲಾಸ್ ಅಂದ್ರು, ಅದೇ ನನ್ನ ಮಾರ್ಕೆಟಿಂಗ್, ಬೇರೆ ಒಂದು ಪೈಸೆ ಖರ್ಚು ಮಾಡಿಲ್ಲ. 49ಕ್ಕೆ ಇಳಿಸಿ ನೋಡಿದೆ, ಕೊಳ್ಳೋರು ಹೆಚ್ಚೇನೂ ಆಗ್ಲಿಲ್ಲ. 149ಕ್ಕೆ ಅರ್ಧಕ್ಕರ್ಧ ಬಿತ್ತು. ಅಮೆರಿಕಾದಲ್ಲಿ 3.99 ಡಾಲರ್ ಇಟ್ಟಿದೀನಿ, ಅಲ್ಲಿರೋ ನಮ್ಮೋರು ಊರಲ್ಲಿರೋ ಅಪ್ಪ ಅಮ್ಮನ ಜೊತೆ ಆಡಕ್ಕೆ ಅಂತ್ಲೇ ತಗೋತಾರೆ, ಮಾರಾಟ ಕಮ್ಮಿ ಆದ್ರೂ ದುಡ್ಡಲ್ಲಿ ಹೆಚ್ಚುಕಮ್ಮಿ ನಲವತ್ತು ಪರ್ಸೆಂಟ್ ಅವ್ರದೇ. ಗೂಗಲ್‌ನೋರು 15 ಪರ್ಸೆಂಟ್ ಹಿಡ್ಕೋತಾರೆ, ಕೈಗೆ ತಿಂಗಳಿಗೆ ನಲವತ್ತರಿಂದ ನಲವತ್ತೈದು ಸಾವಿರ. ಕೊಳ್ಳೋ ಬಟನ್ ಯಾವ ಹೊತ್ತಲ್ಲಿ ತೋರಿಸ್ತೀನಿ ಅಂತ ಮಾತ್ರ ಕೇಳ್ಬೇಡಿ, ಅದ್ರಲ್ಲೇ ಇರೋದು ಎಲ್ಲ.

ಇನ್ನೊಂದು ತಮಾಷೆ. "ಕಂಪ್ಯೂಟರ್ ಮೋಸ ಮಾಡತ್ತೆ" ಅಂತ ರಿವ್ಯೂ ಬರ್ತಾನೇ ಇತ್ತು. ಕೋಡ್ ಸರಿಯಾಗೇ ಇತ್ತು, ನಾಲ್ಕು ಕವಡೆ, ಒಂದೊಂದೂ ಅರ್ಧಕ್ಕರ್ಧ ಚಾನ್ಸ್, ಅಂದ್ರೆ ನಾಲ್ಕೂ ಒಂದೇ ಮಗ್ಗುಲಿಗೆ ಬೀಳೋ ಚೌಕ 16ಕ್ಕೆ ಒಂದ್ಸಲ, ನಾಲ್ಕೂ ಇನ್ನೊಂದು ಮಗ್ಗುಲಿಗೆ ಬೀಳೋ ಎಂಟೂ 16ಕ್ಕೆ ಒಂದ್ಸಲ. ಆದ್ರೆ ನಿಜವಾದ ಕವಡೆ ಹಂಗೆ ಬೀಳಲ್ವಲ್ಲ, ಒಂದು ಕಡೆ ಉಬ್ಬು ಇನ್ನೊಂದು ಕಡೆ ಚಪ್ಪಟೆ. ಚಾಪೆ ಮೇಲೆ, ರೆಡ್ ಆಕ್ಸೈಡ್ ನೆಲದ ಮೇಲೆ ಸಾವಿರಗಟ್ಲೆ ಸಲ ಹಾಕಿ ಎಕ್ಸೆಲ್ಲಲ್ಲಿ ಬರ್ದೆ, ಹೆಂಡ್ತಿ ನನ್ಗೆ ಹುಚ್ಚು ಅಂದ್ಕೊಂಡ್ಳು. ಬಂದ ಲೆಕ್ಕಾನೇ ಗೇಮ್‌ಗೆ ಹಾಕಿದೆ, ಆ ರಿವ್ಯೂ ನಿಂತೇಹೋಯ್ತು. ನಂಬರ್ ಹೇಳಲ್ಲ, ಬೇಕಿದ್ರೆ ನೀವೂ ನೆಲದ ಮೇಲೆ ಕೂತು ಹಾಕಿ.

ಎಂಜಿನ್, ಅಂದ್ರೆ ಗೇಮ್ ಕಟ್ಟೋ ಸಾಫ್ಟ್‌ವೇರ್, ಗೋಡೋ. ಮೊದ್ಲು ಯೂನಿಟಿ ಅನ್ನೋ ಎಂಜಿನ್ ಇತ್ತು, 2023ರ ಸೆಪ್ಟೆಂಬರಲ್ಲಿ ಅವ್ರು ಇನ್‌ಸ್ಟಾಲ್ ಲೆಕ್ಕದಲ್ಲಿ ಫೀ ಅಂದಾಗ್ಲೇ ಶಿಫ್ಟ್ ಆದೆ. ನನ್ನಷ್ಟು ಚಿಕ್ಕೋರಿಗೆ ಅದು ತಾಗ್ತಿರ್ಲಿಲ್ಲ, ವರ್ಷ ಆದ್ಮೇಲೆ ಅವ್ರೇ ಕ್ಯಾನ್ಸಲ್ ಮಾಡಿದ್ರು ಕೂಡ, ಆದ್ರೂ ಮಧ್ಯದಲ್ಲಿ ರೂಲ್ ಬದ್ಲಾಯ್ಸೋರ ಹತ್ರ ಬಾಡಿಗೆಗೆ ಇರಕ್ಕೆ ಮನ್ಸಾಗ್ಲಿಲ್ಲ.

ಐಫೋನ್‌ಗೆ ಇನ್ನೂ ಬಿಟ್ಟಿಲ್ಲ, ವರ್ಷಕ್ಕೆ 99 ಡಾಲರ್ ಪ್ಲಸ್ ಒಂದು ಸೆಕೆಂಡ್‌ಹ್ಯಾಂಡ್ ಮ್ಯಾಕ್ ಬೇಕು. ಅಮೆರಿಕಾದೋರು ಕೇಳ್ತಾನೇ ಇದಾರೆ, ದೀಪಾವಳಿ ಸೇಲ್ಸ್ ನೋಡ್ಕೊಂಡು ತಗೋತೀನಿ.