ಸ್ಕೂಟರ್ ಅಂಗಡಿಯಲ್ಲಿ, ನಾನು ಮನೆಯಲ್ಲಿ

14 ತಿಂಗಳಾಯಿತು. ವಾರಕ್ಕೆ ಐದು ದಿನ ಓಡುತ್ತಿದ್ದೇನೆ. "ಎಂಟು ದಿನ ನೋಡ್ರಿ, ಒಂಬತ್ತನೇ ದಿನ ಇಂವಾ ಹಾಸಗ್ಯಾಗ ಇರ್ತಾನ" ಅಂದಿದ್ದ ನನ್ನ ದೋಸ್ತ ಈಗ ಆ ಮಾತೇ ಎತ್ತುವುದಿಲ್ಲ. ಅವನು ಎತ್ತದಿದ್ದರೆ ಏನಾಯಿತು, ನಾನೇ ಬರೆಯುತ್ತೇನೆ.

ಓಡಿದರೆ ಏನು ಲಾಭ, ಎಂಥ ಬೂಟು ಬೇಕು, ಮೈ ಹೇಗೆ ಸಡಿಲ ಮಾಡಿಕೊಳ್ಳಬೇಕು, ಇದೆಲ್ಲ ನಿಮಗೆ ಗೊತ್ತಿದೆ. ನನಗೂ ಗೊತ್ತಿತ್ತು. ಆರು ವರ್ಷದಿಂದ ಗೊತ್ತಿತ್ತು. ಮುಂಜಾನೆ ಐದಕ್ಕೆ ಕಾಲು ಹಾಸಿಗೆ ಬಿಟ್ಟು ಇಳಿಯುತ್ತಿರಲಿಲ್ಲ, ಅಷ್ಟೇ.

ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ, ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತೋ ಕೆಲಸ. ವಿಜಯಪುರದಲ್ಲಿ, ಗೋಳಗುಮ್ಮಟದ ಕಡೆ. ಮನೆ ಊರಿನ ಇನ್ನೊಂದು ತುದಿಗೆ, ಇಬ್ರಾಹಿಂ ರೋಜಾ ಕಡೆ. ನಡುವೆ ನಾಲ್ಕು ಕಿಲೋಮೀಟರ್, ಸ್ವಲ್ಪ ಹೆಚ್ಚು ಕಡಿಮೆ. ಎರಡು ವರ್ಷದ ಹಿಂದೆ ರೈತರೊಬ್ಬರ ಹೊಲದಲ್ಲಿ 5 ಎಚ್‌ಪಿ ಮೋಟರ್ ಎತ್ತಿ ಗಾಡಿಗೆ ಹಾಕುವಾಗ ಕಣ್ಣು ಕತ್ತಲೆ ಬಂತು. ಬಿಪಿ ನೋಡಿಸಿದರೆ 146 ಮೇಲೆ, 94 ಕೆಳಗೆ. ತೂಕ 88. ವಯಸ್ಸು 46. ಡಾಕ್ಟರ್ ಗುಳಿಗೆ ಬರೆಯೋ ಮೊದಲು ಪೆನ್ನು ಕೆಳಗಿಟ್ಟು ನನ್ನ ಹೊಟ್ಟೆ ನೋಡಿದರು. ಮುಂದಿನದು ಹೇಳಬೇಕಾಗಿರಲಿಲ್ಲ.

ಅಲ್ಲಿಂದ ದುಡ್ಡು ಹೋಗೋಕೆ ಶುರು. ಜಿಮ್‌ನಲ್ಲಿ "ವರ್ಷದ್ದು ಒಮ್ಮೆಲೇ ಕಟ್ಟಿದ್ರ ಸಸ್ತಾ ಬೀಳ್ತದ" ಅಂದರು. 9,000 ಕಟ್ಟಿದೆ. ಹೋಗಿದ್ದು 23 ದಿನ. ಆಮೇಲೆ ಟ್ರೆಡ್‌ಮಿಲ್. ಸೆಕೆಂಡ್ ಹ್ಯಾಂಡ್, 18,000. ಮೋಟರ್ ಕೆಲಸ ಗೊತ್ತಿದ್ದವನು ಅಲ್ವಾ, ಬಿಚ್ಚಿ ಸ್ವಚ್ಛ ಮಾಡಿ, ಬ್ರಷ್ ಬದಲಿಸಿ, ಹೊಸದರ ಹಾಗೆ ಮಾಡಿದೆ. ಅದನ್ನು ರಿಪೇರಿ ಮಾಡುವಾಗ ಇದ್ದ ಹುರುಪು ಅದರ ಮೇಲೆ ಓಡುವಾಗ ಇರಲಿಲ್ಲ. ಮಳೆಗಾಲ ಬಂದ ಕೂಡಲೇ ನನ್ನ ಹೆಂಡತಿ ಅದರ ಹಿಡಿಕೆಗೆ ಅರಿವೆ ಒಣಹಾಕಿದಳು. 7,000ಕ್ಕೆ ಮಾರಿದೆ.

ಕೈಗಡಿಯಾರದ ಕಥೆ ಇನ್ನೂ ಚೆಂದ. ಹೆಜ್ಜೆ ಎಣಿಸುವಂಥದ್ದು, 3,500 ಇರಬೇಕು. ಮೊದಲ ದಿನವೇ ಸಂಜೆಗೆ 11,000 ಹೆಜ್ಜೆ ತೋರಿಸಿತು. ಖುಷಿಯಾಗಿ ಎರಡು ಪ್ಲೇಟ್ ಮಿರ್ಚಿ ಭಜಿ ತಿಂದೆ. ಮೂರು ದಿನ ಆದ ಮೇಲೆ ಗೊತ್ತಾಯಿತು, ಕಾಯಿಲ್ ಸುತ್ತೋ ಮಶೀನಿನ ಹ್ಯಾಂಡಲ್ ತಿರುಗಿಸಿದಾಗೆಲ್ಲ ಅದು ಹೆಜ್ಜೆ ಅಂತ ಎಣಿಸುತ್ತಿತ್ತು. ಕೂತಲ್ಲೇ ಕೂತು ನಾನು ದಿನಾ ಪಕ್ಕದ ತೊರವಿ ಊರಿನವರೆಗೆ ಹೋಗಿ ಬರುತ್ತಿದ್ದೆ.

ಕೊನೆಗೆ ದೋಸ್ತನ ಜೊತೆ ಕರಾರು. ಯಾರು ತಪ್ಪಿಸುತ್ತಾರೋ ಅವರು ಡಬ್ಬಿಗೆ 200 ರೂಪಾಯಿ ಹಾಕಬೇಕು. ಇದು ಕೆಲಸ ಮಾಡುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಮಾಡಲ್ಲ. ಒಂದು ದಿನ ತಂಡಿ ಜಾಸ್ತಿ ಇತ್ತು. ಹಾಸಿಗೆಯಲ್ಲೇ ಲೆಕ್ಕ ಹಾಕಿದೆ. 200ಕ್ಕೆ ಒಂದೂವರೆ ತಾಸು ನಿದ್ದೆ, ಸಸ್ತಾ ಅನಿಸಿತು. ಅವತ್ತಿನಿಂದ ಅದು ದಂಡ ಆಗಿ ಉಳಿಯಲಿಲ್ಲ, ನಿದ್ದೆಯ ಬಾಡಿಗೆ ಆಯಿತು. ಡಬ್ಬಿಯಲ್ಲಿ 4,000ದ ಮೇಲೆ ಸೇರಿತ್ತು. ಇಬ್ಬರೂ ಧಾಬಾಕ್ಕೆ ಹೋಗಿ ಮುಗಿಸಿದೆವು.

ಹೊಳೆದದ್ದು ಗಾಡಿ ಕೆಟ್ಟಾಗ. ಒಂದು ರಾತ್ರಿ ಸ್ಕೂಟರ್ ಶುರುವಾಗಲಿಲ್ಲ. ಅಂಗಡಿಯಲ್ಲೇ ಬಿಟ್ಟು ಶಟರ್ ಎಳೆದು ಶೇರ್ ಆಟೋದಲ್ಲಿ ಬಂದೆ. ಮಗಳಿಗೆ ಮುಂಜಾನೆ 7.15ಕ್ಕೆ ಟ್ಯೂಷನ್, ಬಿಡುವವನು ನಾನು. ಗಾಡಿ ರಿಪೇರಿ ಮಾಡಿ ತರಬೇಕು. ಅಲಾರಾಂ ಇಲ್ಲದೆ ಐದಕ್ಕೆ ಎದ್ದೆ. ಆಟೋ ಸಿಗಲಿಲ್ಲ. ಅರ್ಧ ಓಡುತ್ತ ಅರ್ಧ ನಡೆಯುತ್ತ ಹೋದೆ. ಪ್ಲಗ್ ಒರೆಸಿದೆ, ಶುರುವಾಯಿತು. ಬೆವರು ಒರೆಸಿಕೊಳ್ಳುತ್ತ ಮನೆ ಕಡೆ ಬರುವಾಗ ಗಾಂಧಿ ಚೌಕದ ಹತ್ತಿರ ತಲೆಗೆ ಬಂತು: ಇವತ್ತು ಯಾಕೆ ಎದ್ದೆ?

ಅಂದಿನಿಂದ ಇದೇ ಪದ್ಧತಿ. ರಾತ್ರಿ ಎಂಟೂವರೆಗೆ ಗಾಡಿ ಅಂಗಡಿ ಒಳಗೆ. ನಾನು ಆಟೋದಲ್ಲಿ ಮನೆಗೆ. ಮುಂಜಾನೆ ಓಡಿ ಹೋಗಿ ಗಾಡಿ ತರಬೇಕು. ತರದಿದ್ದರೆ ಮಗಳ ಟ್ಯೂಷನ್ ತಪ್ಪುತ್ತೆ. ಆ ದಂಡವನ್ನು ನಾನು ಯಾವ ಡಬ್ಬಿಗೂ ಹಾಕಿ ಬಿಡಿಸಿಕೊಳ್ಳೋಕೆ ಆಗಲ್ಲ.

"ಗಾಡಿ ಇಟ್ಕೊಂಡು ಆಟೋದಾಗ ಬರ್ತೀರಿ, ತಲಿಗಿಲಿ ಕೆಟ್ಟದೇನ್ರಿ?" ಅಂದಳು ಹೆಂಡತಿ. ಆಟೋಕ್ಕೆ 20 ರೂಪಾಯಿ, ತಿಂಗಳಿಗೆ 400-450. ಜಿಮ್‌ಗಿಂತ ಕಡಿಮೆ ಅಂದೆ. ಜಿಮ್ ಹೆಸರು ತೆಗೆದದ್ದೇ ತಪ್ಪಾಯಿತು.

ಮೂರನೇ ದಿನವೇ ಕಳ್ಳದಾರಿ ಸಿಕ್ಕಿತು. ತಡವಾಗಿ ಎದ್ದೆ. ನಮ್ಮ ಓಣಿಯ ಆಟೋದವನನ್ನು ಎಬ್ಬಿಸಿ 80 ಕೊಟ್ಟು ಹೋಗಿ ಗಾಡಿ ತಂದೆ. ಐದನೇ ದಿನ ಮತ್ತೆ ಹಾಗೇ. ಆಗ ಅವನಿಗೇ ಹೇಳಿದೆ: "ನಸುಕಿನ್ಯಾಗ ನಾ ಎಷ್ಟ್ ಕೈ ಮುಗದ್ರೂ ನನ್ನ ಹತ್ತಿಸಬ್ಯಾಡಪಾ." ಅವನು ಒಪ್ಪಿದ. ಆದರೆ ಒಂದು ದಿನ ನನ್ನ ಪಕ್ಕಕ್ಕೇ ನಿಧಾನ ಆಟೋ ಓಡಿಸುತ್ತ ಬಂದು "ಅಣ್ಣಾರ, ಸ್ವಲ್ಪ ಲಗೂ ಓಡ್ರೀ, ಗೇರ್ ಬದಲಿ ಮಾಡಾಕ ಬರವಲ್ದು" ಅಂದ. ಅವತ್ತು ನಗು ತಡೆಯೋಕೆ ಆಗದೆ ನಿಂತೇ ಬಿಟ್ಟೆ.

ದೊಡ್ಡ ಪೆಟ್ಟು ಬಿದ್ದದ್ದು ಎರಡನೇ ತಿಂಗಳು. ರಾತ್ರಿ ಹನ್ನೊಂದಕ್ಕೆ ಅವ್ವನಿಗೆ ವಾಂತಿ, ಭೇದಿ. ಗಾಡಿ ಅಂಗಡಿಯಲ್ಲಿ. ಪಕ್ಕದ ಮನೆಯವರ ಕಾರಲ್ಲಿ ದವಾಖಾನೆಗೆ ಹೋದೆವು. ಒಂದು ಸಲೈನ್ ಏರಿಸಿದ ಮೇಲೆ ಅವ್ವ ಆರಾಮಾದಳು. ಆದರೆ ಮನೆಯಲ್ಲಿ ನನ್ನ ಪದ್ಧತಿಯ ಮಾತು ಅಲ್ಲಿಗೆ ಮುಗಿಯಿತು. ಗಾಡಿ ಮನೆಗೆ ಬಂತು. ನಾನೂ ಅಂದುಕೊಂಡೆ, ಹೇಗೂ ಎರಡು ತಿಂಗಳ ರೂಢಿ ಆಗಿದೆ, ಇನ್ನು ಗಾಡಿ ಇದ್ದರೂ ಓಡುತ್ತೇನೆ ಅಂತ. ಆ 12 ದಿನದಲ್ಲಿ ಒಂದು ಸಲವೂ ಓಡಲಿಲ್ಲ. ಒಂದು ಸಲವೂ! ಇಂತಿಷ್ಟು ದಿನ ಮಾಡಿದರೆ ರೂಢಿ ತಾನೇ ಆಗುತ್ತೆ ಅನ್ನೋರ ಮಾತು ನಾನು ನಂಬುವುದಿಲ್ಲ.

ಆಮೇಲೆ ರಾಜಿ ಆಯಿತು. ಬುಧವಾರ, ರವಿವಾರ ಗಾಡಿ ಮನೆಯಲ್ಲಿ. ಉಳಿದ ದಿನ ರಾತ್ರಿ ಏನಾದರೂ ಬಂದರೆ ಪಕ್ಕದವರ ಬೈಕಿನ ಇನ್ನೊಂದು ಕೀಲಿ ನಮ್ಮ ಮನೆಯ ಮೊಳೆಗೆ ನೇತಾಡುತ್ತದೆ. ಅದಕ್ಕೆ ಬದಲಾಗಿ ಅವರ ನೀರಿನ ಮೋಟರ್ ಜೀವನಪೂರ್ತಿ ಪುಕ್ಕಟೆ ರಿಪೇರಿ. ಆ ಕೀಲಿಯನ್ನು ನಸುಕಿನಲ್ಲಿ ನಾನು ಮುಟ್ಟದ ಹಾಗೆ ಒಂದು ವ್ಯವಸ್ಥೆ ಮಾಡಿದ್ದೇನೆ. ಅದೇನು ಅಂತ ಹೇಳಲ್ಲ, ಹೆಂಡತಿಗೆ ಗೊತ್ತಿದ್ದರೆ ಸಾಕು. ನಸುಕಿನಲ್ಲಿ ಬೆನ್ನು ಹತ್ತುವ ಬೀದಿ ನಾಯಿಗಳಿಗೆ ಮಾಡಿದ ಉಪಾಯವನ್ನೂ ಹೇಳಲ್ಲ. ಎಲ್ಲರೂ ಅದನ್ನೇ ಮಾಡಿದರೆ ನಾಯಿಗಳಿಗೆ ತಿಳಿದುಬಿಡುತ್ತೆ.

ಓಡುವ ರೀತಿ ಕೇಳಿದರೆ ನನ್ನದು ಕಂಬದ ಲೆಕ್ಕ. ಮೊದಲ ತಿಂಗಳು ಒಂದು ಲೈಟ್ ಕಂಬ ಓಟ, ಎರಡು ಕಂಬ ನಡಿಗೆ. ಆಮೇಲೆ ಎರಡಕ್ಕೆ ಒಂದು. ನಾಲ್ಕನೇ ತಿಂಗಳಿಗೆ ಕಂಬ ಎಣಿಸೋದು ಮರೆತೇಹೋಯಿತು. ನಡುವೆ ಅವಸರ ಮಾಡಿ ಹಿಮ್ಮಡಿ ನೋವು ತಂದುಕೊಂಡೆ. ಮುಂಜಾನೆ ಮೊದಲ ಹೆಜ್ಜೆ ಇಟ್ಟರೆ ಮೊಳೆ ತುಳಿದ ಹಾಗೆ. 600 ರೂಪಾಯಿ ಬೂಟು ಎಸೆದು 3,200ರದ್ದು ತಂದೆ. ಬೂಟಿಗಿಂತ ನಿಧಾನ ಮಾಡಿದ್ದೇ ಗುಣ ಕೊಟ್ಟಿತು ಅಂತ ನನ್ನ ಲೆಕ್ಕ. ಓಡುತ್ತ ಮಾತಾಡೋಕೆ ಬರಬೇಕು. ಆಟೋದವನಿಗೆ ಬೈಯೋಕೆ ಬರುವಷ್ಟು ಉಸಿರು ಉಳಿದಿರಬೇಕು.

ಬೇರೆ ಪ್ರಯೋಗಗಳೂ ಆದವು. ಗೋಳಗುಮ್ಮಟ ಅಂಗಡಿ ಪಕ್ಕದಲ್ಲೇ ಇದೆ, ಮೂಲೆಯ ಮಿನಾರಿನಲ್ಲಿ ಏಳು ಅಂತಸ್ತಿನ ಮೆಟ್ಟಿಲು, ಯಾಕೆ ಬಿಡಬೇಕು ಅಂತ ಒಂದು ರವಿವಾರ ಬಾಗಿಲು ತೆರೆದ ಕೂಡಲೇ ಟಿಕೆಟ್ ತೆಗೆಸಿ ಹತ್ತಿದೆ. ಮೆಟ್ಟಿಲು ಇಕ್ಕಟ್ಟು, ಒಂದೊಂದೂ ಎತ್ತರ. ಮೇಲೆ ಗ್ಯಾಲರಿಗೆ ಹೋಗಿ ಗೋಡೆಗೆ ಒರಗಿ ಕೂತರೆ ನನ್ನ ಏದುಸಿರೇ ಸುತ್ತು ಹಾಕಿ ಮತ್ತೆ ಮತ್ತೆ ಬಂತು. ಆಚೆ ಬದಿ ನಿಂತಿದ್ದ ಸೊಲ್ಲಾಪುರದ ಕುಟುಂಬ ಹೆದರಿ ಈ ಕಡೆ ನೋಡಿತು. ಮತ್ತೆ ಹೋಗಿಲ್ಲ.

ಇನ್ನೊಂದು, ಮಣ್ಣಿನ ದಾರಿ ಮೊಣಕಾಲಿಗೆ ಒಳ್ಳೆಯದು ಅಂತ ಕೇಳಿ ಮಳೆ ಆದ ಮರುದಿನ ಊರ ಹೊರಗೆ ಹೊಲದ ದಾರಿ ಹಿಡಿದೆ. ನಮ್ಮದು ಎರೆ ಮಣ್ಣು, ನೆನಪಿರಬೇಕಿತ್ತು. ನೂರು ಹೆಜ್ಜೆಗೆ ಒಂದೊಂದು ಬೂಟು ಎರಡು ಕೇಜಿ. ಕೊನೆಗೆ ಬೂಟು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಬಂದೆ.

ಕಷ್ಟದ ಕಾಲ ಅಂದರೆ ಫೆಬ್ರವರಿಯಿಂದ ಮೇ. ಬಾವಿ, ಬೋರಿನ ನೀರು ಇಳಿಯುತ್ತೆ, ವೋಲ್ಟೇಜ್ ಬೀಳುತ್ತೆ, ಮೋಟರ್ ಕರೆಂಟ್ ಜಾಸ್ತಿ ಎಳೆದು ಸುಡುತ್ತೆ. ರೈತರು ಅಂಗಡಿ ಮುಂದೆಯೇ ಕೂತಿರುತ್ತಾರೆ. ರಾತ್ರಿ ಹನ್ನೊಂದಾದರೂ ಕೆಲಸ. ಹಾಗೆ ನಾಲ್ಕು ತಾಸು ಮಲಗಿ ಓಡಿದ ದಿನ ನನ್ನ ವೈಂಡಿಂಗೂ ಸುಟ್ಟಂತೆಯೇ ಆಗುತ್ತಿತ್ತು. ತಲೆ ಬಿಸಿ, ಕೈ ನಡುಕ. ಒಂದು ಸಲ ಕನೆಕ್ಷನ್ ತಪ್ಪು ಕೊಟ್ಟು 2,000 ಕೈಯಿಂದ ಹೋಯಿತು. ಈಗ ಐದು ತಾಸಿಗಿಂತ ಕಡಿಮೆ ನಿದ್ದೆಯಾದರೆ ಓಡಲ್ಲ, ನಡೆದು ಹೋಗುತ್ತೇನೆ. ಹೋಗೋದಂತೂ ಹೋಗಲೇಬೇಕು, ಗಾಡಿ ಅಲ್ಲೇ ಇರುತ್ತಲ್ಲ. ಮೇ ತಿಂಗಳಲ್ಲಿ ಮಧ್ಯಾಹ್ನದ ಬಿಸಿಲು 40 ದಾಟುತ್ತೆ, ಹಾಗಾಗಿ ಐದರೊಳಗೆ ಮನೆ ಬಿಡುತ್ತೇನೆ.

ತೂಕ ಈಗ 76-77. ಬಿಪಿ 130ರ ಆಸುಪಾಸು, ಗುಳಿಗೆ ಇನ್ನೂ ಇದೆ, ಡಾಕ್ಟರ್ ಅರ್ಧ ಮಾಡಿದ್ದಾರೆ. ರೊಟ್ಟಿ, ಶೇಂಗಾ ಹಿಂಡಿ ಯಾವುದೂ ಬಿಟ್ಟಿಲ್ಲ. ನಮ್ಮೂರ ವೃಕ್ಷಥಾನ್ ಅನ್ನೋ ಓಟದ ಸ್ಪರ್ಧೆಯಲ್ಲಿ 10 ಕಿಲೋಮೀಟರ್ ಓಡಿದೆ, ಒಂದು ತಾಸು ಹತ್ತು ನಿಮಿಷದ ಮೇಲೆ ಸ್ವಲ್ಪ. ದೋಸ್ತ ನೋಡೋಕೆ ಬಂದಿದ್ದ. ಮೆಡಲ್ ಅವನ ಕೊರಳಿಗೇ ಹಾಕಿ ಫೋಟೋ ತೆಗೆದೆ.

ಒಂದೇ ಒಂದು ಚಿಂತೆ ಇದೆ. ಮಗಳಿಗೆ ಮುಂದಿನ ವರ್ಷ 18 ತುಂಬುತ್ತೆ. ಲೈಸೆನ್ಸ್ ಮಾಡಿಸಿ ಸ್ಕೂಟಿ ಕೊಡಿಸು, ಟ್ಯೂಷನ್‌ಗೆ ನಾನೇ ಹೋಗುತ್ತೇನೆ ಅನ್ನುತ್ತಿದ್ದಾಳೆ. ದುಡ್ಡಿಲ್ಲ ಅಂತ ಹೇಳಿದ್ದೇನೆ. ದುಡ್ಡು ಇದೆ.